ಪುಸ್ತಕದ ಸಾಹಸವನ್ನು ನಿಮ್ಮ ಮೇಜಿಗೆ ಒಗ್ಗಿಸುವುದು: ಗೇಮ್ ಮಾಸ್ಟರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಪಾತ್ರಾಭಿನಯದ ಆಟದಲ್ಲಿ ಕಥೆ ನಡೆಸುವವರು ಗೇಮ್ ಮಾಸ್ಟರ್ (ಜಿಎಂ). ಅಚ್ಚಾಗಿ ಬರುವ ಕ್ಯಾಂಪೇನ್ (ದೀರ್ಘ ಸಾಹಸದ) ಪುಸ್ತಕವನ್ನು ಹೊಸ ಗೇಮ್ ಮಾಸ್ಟರ್ ಕಾದಂಬರಿಯ ಹಾಗೆ ಓದಿ, ನಾಟಕದ ಹಾಗೆ ಆಡಿಸಲು ಹೊರಡುತ್ತಾರೆ. ಎರಡೋ ಮೂರೋ ಸೆಷನ್ (ಆಟದ ಕೂಟ) ಕಳೆಯುವಷ್ಟರಲ್ಲಿ ಆಟಗಾರರು ಪುಸ್ತಕದಲ್ಲಿಲ್ಲದ ಬಾಗಿಲನ್ನು ತಟ್ಟುತ್ತಾರೆ, ಜಿಎಂ ಪುಟ ತಿರುವುತ್ತಾ ಕೂರುತ್ತಾರೆ, ಆಟ ನಿಲ್ಲುತ್ತದೆ. ಬರೆದವರಿಗೆ ಆ ಮೇಜಿನ ಸುತ್ತ ಯಾರು ಕೂತಿರುತ್ತಾರೆಂದು ಗೊತ್ತಿರಲು ಸಾಧ್ಯವಿರಲಿಲ್ಲ. ನಿಮಗೆ ಗೊತ್ತು. ಗೊತ್ತಿರುವುದನ್ನು ಪುಸ್ತಕದೊಳಕ್ಕೆ ಸೇರಿಸುವುದೇ ಒಗ್ಗಿಸುವ ಕೆಲಸ.

ಇಲ್ಲಿನ ಲೆಕ್ಕಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇಂಥ ಆಟದ ಐದನೇ ಆವೃತ್ತಿಯ 2014ರ ನಿಯಮಗಳವು. 2024ರ ಪರಿಷ್ಕೃತ ನಿಯಮಗಳಲ್ಲಿ ಕಾಳಗದ ಲೆಕ್ಕ ಬೇರೆ. ಅದನ್ನು ಅಲ್ಲಲ್ಲೇ ಹೇಳಿದ್ದೇವೆ. ಬೇರೆ ಆಟ ಆಡುವವರು ಅಂಕಿಗಳನ್ನು ಬಿಟ್ಟು ಕೆಲಸದ ಕ್ರಮವನ್ನು ತೆಗೆದುಕೊಳ್ಳಬಹುದು.

1. ಪುಸ್ತಕವನ್ನು ಒಂದು ಹಾಳೆಗೆ ಇಳಿಸಿ

ಮೊದಲ ಸಲ ಏನೂ ಬರೆದುಕೊಳ್ಳದೆ ಸರಸರನೆ ಓದಿ ಮುಗಿಸಿ. ಕೊನೆಯ ಅಧ್ಯಾಯ ಗೊತ್ತಿಲ್ಲದೆ ಮೊದಲ ಅಧ್ಯಾಯ ಆಡಿಸಿದರೆ, ಮುಂದೆ ಬೇಕಾಗುವ ಪಾತ್ರವನ್ನು ನೀವೇ ಬಾವಿಗೆ ತಳ್ಳಿರುತ್ತೀರಿ. ಎರಡನೇ ಓದಿಗೆ ಪೆನ್ನು ಹಿಡಿಯಿರಿ. ಪುಸ್ತಕದ ಪ್ರತಿ ಮುಖ್ಯ ಪಾತ್ರಕ್ಕೂ ನಾಲ್ಕೇ ಸಾಲು:

- ಇವರಿಗೆ ಏನು ಬೇಕು?
- ಯಾರೂ ಅಡ್ಡಬರದಿದ್ದರೆ ಮುಂದಿನ ಹತ್ತು ದಿನ ಏನು ಮಾಡುತ್ತಾರೆ?
- ಯಾವುದಕ್ಕೆ ಹೆದರುತ್ತಾರೆ?
- ಬೇರೆಯವರಿಗೆ ಗೊತ್ತಿಲ್ಲದ ಯಾವ ವಿಷಯ ಇವರಿಗೆ ಗೊತ್ತಿದೆ?

ಎರಡನೆಯ ಪ್ರಶ್ನೆಯೇ ಬಹುಪಾಲು ಕೆಲಸ ಮಾಡುತ್ತದೆ. ಅದಕ್ಕೆ ಉತ್ತರ ಸಿದ್ಧವಿದ್ದರೆ ಆಟಗಾರರು ಎತ್ತ ಹೋದರೂ ನೀವು ತಡವರಿಸುವುದಿಲ್ಲ. ಖಳ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತಾನೆ.

ಒಂದು ಚಿಕ್ಕ ಸಾಹಸವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಣಿಯೂರಿನಲ್ಲಿ ಕೂಲಿಗಳು ಕಾಣೆಯಾಗುತ್ತಿದ್ದಾರೆ. ಗಣಿಯ ಮೇಸ್ತ್ರಿ ದುಡ್ಡಿನಾಸೆಗೆ ಅವರನ್ನು ಗಾಬ್ಲಿನ್ ಎಂಬ ಕುಳ್ಳ ದುಷ್ಟ ಜೀವಿಗಳಿಗೆ ಒಪ್ಪಿಸುತ್ತಿದ್ದಾನೆ. ಗಾಬ್ಲಿನ್‌ಗಳು ಅವರನ್ನು ಹಾಳುಬಿದ್ದ ಕಾವಲುಗೋಪುರದ ನೆಲಮಾಳಿಗೆಗೆ ಸಾಗಿಸುತ್ತವೆ. ಅಲ್ಲಿ ಒಬ್ಬ ಮಾಂತ್ರಿಕಳು ಹೆಣಗಳ ಪಡೆ ಕಟ್ಟುತ್ತಿದ್ದಾಳೆ. ಪುಸ್ತಕ ಹಾಕಿಕೊಟ್ಟ ದಾರಿ ಹೀಗೆ: ಮೇಸ್ತ್ರಿಯ ಕೋಣೆಯಲ್ಲಿ ಪತ್ರ ಸಿಗುತ್ತದೆ, ಪತ್ರ ಗೋಪುರವನ್ನು ತೋರಿಸುತ್ತದೆ, ಗೋಪುರದ ಗುಪ್ತ ಬಾಗಿಲು ನೆಲಮಾಳಿಗೆಗೆ ಒಯ್ಯುತ್ತದೆ.

ಈಗ ಮುರಿಯುವ ಜಾಗಗಳನ್ನು ಹುಡುಕಿ. ಯಾವ ಒಂದು ದಾಳ ಸೋತರೆ, ಯಾವ ಒಬ್ಬ ಸತ್ತರೆ, ಯಾವ ಒಂದು ಕೋಣೆಗೆ ಹೋಗದಿದ್ದರೆ ಕಥೆ ನಿಂತುಬಿಡುತ್ತದೆ? ಇಲ್ಲಿ ಮೂರಿವೆ. ಆಟಗಾರರು ಮೇಸ್ತ್ರಿಯ ಕೋಣೆಯನ್ನು ಶೋಧಿಸದಿರಬಹುದು. ಗುಪ್ತ ಬಾಗಿಲು ಕಾಣದಿರಬಹುದು. ಇನ್ನು ಮಾಂತ್ರಿಕಳು ಕೊನೆಯ ಕೋಣೆಯಲ್ಲಿ ಮೊದಲ ಸಲ ಕಾಣಿಸಿಕೊಳ್ಳುವುದರಿಂದ, ಅವಳ ಮೇಲೆ ಯಾರಿಗೂ ಸಿಟ್ಟೇ ಹುಟ್ಟಿರುವುದಿಲ್ಲ. ಮೊದಲೆರಡಕ್ಕೆ ಮದ್ದು ನಾಲ್ಕನೇ ಭಾಗದ ಸುಳಿವುಗಳಲ್ಲಿದೆ. ಮೂರನೆಯದಕ್ಕೆ ಅವಳನ್ನು ಮೊದಲ ಎರಡು ಸೆಷನ್ನಿನೊಳಗೇ ಊರಿಗೆ ಕರೆತನ್ನಿ. ಮೂಲಿಕೆ ಮಾರುವವಳಾಗಿ ಬಂದು ಆಟಗಾರರ ಗಾಯಕ್ಕೆ ಮದ್ದು ಕಟ್ಟಲಿ, ಬಾಕಿ ಹಣ ಆಮೇಲೆ ಕೊಡಿ ಎನ್ನಲಿ.

2. ಶೂನ್ಯ ಸೆಷನ್: ಆಡುವ ಮೊದಲು ಕೂತು ಮಾತಾಡುವುದು

ಎರಡರಿಂದ ಮೂರು ಗಂಟೆ ಸಾಕು, ಆದರೆ ತಪ್ಪಿಸಬೇಡಿ. ಕ್ಯಾಂಪೇನ್‌ಗಳನ್ನು ಕೊಲ್ಲುವುದು ಡ್ರ್ಯಾಗನ್‌ಗಿಂತ ಹೆಚ್ಚಾಗಿ ಕ್ಯಾಲೆಂಡರು. ಹಾಗಾಗಿ ಮೊದಲ ತೀರ್ಮಾನ ದಿನ, ಹೊತ್ತು ಮತ್ತು ಕೋರಂ. ಐದು ಆಟಗಾರರಿದ್ದರೆ ಮೂವರು ಬಂದ ದಿನ ಆಟ ನಡೆದೇ ನಡೆಯುತ್ತದೆ ಎಂದು ಇವತ್ತೇ ಹೇಳಿಬಿಡಿ. ಬಾರದವರ ಪಾತ್ರ ಏನು ಮಾಡುತ್ತದೆ ಎಂಬುದನ್ನೂ ನಿರ್ಧರಿಸಿ. ಶಿಬಿರ ಕಾಯುತ್ತಿರುತ್ತದೆ, ಅದಕ್ಕೆ ಅಪಾಯವಿಲ್ಲ ಎಂಬುದು ಸರಳ ಉತ್ತರ. ಬಾರದವರ ಪಾತ್ರವನ್ನು ಇನ್ನೊಬ್ಬರು ಆಡಿಸಿ ಕೊಂದುಹಾಕಿದ ಮೇಲೆ ಸ್ನೇಹ ಉಳಿಸಿಕೊಳ್ಳುವುದು ಕಷ್ಟ.

ಆಮೇಲೆ ಧಾಟಿ. ಇದು ನಗುವಿನ ಆಟವೋ, ಭಯದ್ದೋ, ರಾಜಕೀಯದ್ದೋ? ಪಾತ್ರ ಸತ್ತರೆ ಸತ್ತಂತೆಯೇ, ಬದುಕಿಸುವ ದಾರಿ ಇದೆಯೇ? ಪಾತ್ರಗಳು ಒಬ್ಬರ ಮೇಲೊಬ್ಬರು ಕೈ ಎತ್ತಬಹುದೇ? ಹಾಗೆಯೇ ಎರಡು ಪಟ್ಟಿ ಮಾಡಿ: ಆಟದಲ್ಲಿ ಬರಲೇಬಾರದ ವಿಷಯಗಳು ಒಂದು ಕಡೆ, ಬರಬಹುದಾದರೂ ವಿವರಿಸದೆ ಪರದೆ ಎಳೆದುಬಿಡಬೇಕಾದವು ಇನ್ನೊಂದು ಕಡೆ. ಎಲ್ಲರ ಮುಂದೆ ಹೇಳಲು ಹಿಂಜರಿಯುವವರು ನಿಮಗೆ ಪ್ರತ್ಯೇಕವಾಗಿ ಬರೆದು ಕಳಿಸಲಿ. ಯಾರು ಏನು ಬರೆದರೆಂದು ಓದಿ ಹೇಳಬೇಡಿ, ಪಟ್ಟಿಯನ್ನಷ್ಟೇ ಓದಿ. ಮೇಜಿನ ನಡುವೆ ಒಂದು ಎಕ್ಸ್ ಕಾರ್ಡ್ ಇಡುವ ಪದ್ಧತಿಯೂ ಇದೆ. ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ದೃಶ್ಯವನ್ನು ಅಲ್ಲಿಗೇ ಬಿಟ್ಟು ಮುಂದೆ ಸಾಗುವುದು.

ಪಾತ್ರಗಳನ್ನು ಮನೆಯಲ್ಲಿ ಒಬ್ಬೊಬ್ಬರೇ ಕೂತು ಕಟ್ಟಿಕೊಂಡು ಬರಲು ಬಿಡಬೇಡಿ. ಬಿಟ್ಟರೆ ಯಾರನ್ನೂ ನಂಬದ ನಾಲ್ವರು ಒಂಟಿ ಹಂತಕರು ಬಂದು ಕೂರುತ್ತಾರೆ. ಅವರು ಒಟ್ಟಿಗೆ ಯಾಕಿದ್ದಾರೆ ಎಂಬುದಕ್ಕೆ ಹತ್ತು ಸೆಷನ್ ಕಳೆದರೂ ಉತ್ತರವಿರುವುದಿಲ್ಲ. ಶೂನ್ಯ ಸೆಷನ್ನಿನಲ್ಲೇ ಪ್ರತಿ ಆಟಗಾರರಿಂದ ಮೂರು ಸಾಲು ಪಡೆಯಿರಿ. ಎಡಕ್ಕೆ ಕೂತವರ ಪಾತ್ರದ ಜೊತೆ ಹಳೆಯ ನಂಟೇನು? ನಿಮ್ಮ ಪಾತ್ರ ಯಾರಿಗಾಗಿ ಪ್ರಾಣ ಕೊಡುತ್ತದೆ? ಅರ್ಧಕ್ಕೆ ನಿಂತ ಯಾವ ಕೆಲಸ ಅದಕ್ಕಿದೆ? ಹತ್ತು ಪುಟದ ಪೂರ್ವಕಥೆಗಿಂತ ಈ ಮೂರು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಉದ್ದದ ಪೂರ್ವಕಥೆಯಲ್ಲಿ ಸಾಹಸವೆಲ್ಲ ಆಗಿ ಮುಗಿದಿರುತ್ತದೆ, ಮೇಜಿಗೆ ಉಳಿಯುವುದು ಕಡಿಮೆ.

3. ಪಾತ್ರಗಳನ್ನು ಪುಸ್ತಕಕ್ಕೆ ಹೊಲಿಯುವುದು

ಒಂದು ಕಡೆ ಪುಸ್ತಕದ ಪಾತ್ರಗಳ ಹಾಳೆ, ಇನ್ನೊಂದು ಕಡೆ ಆಟಗಾರರ ಮೂರು ಸಾಲುಗಳು. ಈಗ ಜೋಡಿ ಹುಡುಕಿ. ಒಬ್ಬ ಆಟಗಾರ್ತಿ ‘ಕಾಣೆಯಾದ ತಮ್ಮನನ್ನು ಹುಡುಕುತ್ತಿದ್ದೇನೆ’ ಎಂದು ಬರೆದಿದ್ದರೆ, ಪುಸ್ತಕದಲ್ಲಿ ಸೆರೆಯಾಗಿರುವ ಹೆಸರಿಲ್ಲದ ಕೂಲಿಯೇ ಆ ತಮ್ಮ. ಇನ್ನೊಬ್ಬರ ಹಳೆಯ ಗುರು ಎಲ್ಲಿದ್ದಾನೆ? ಪುಸ್ತಕದಲ್ಲಿ ಬರುವ ಊರಿನ ಪುರೋಹಿತನ ಜಾಗದಲ್ಲಿ. ಹೊಸ ಪಾತ್ರ ಸೇರಿಸುವುದಕ್ಕಿಂತ ಇದ್ದ ಪಾತ್ರಕ್ಕೆ ನಂಟು ಕಟ್ಟುವುದು ಯಾವಾಗಲೂ ಮೇಲು. ಪಾತ್ರಗಳ ಸಂಖ್ಯೆ ಏರಿದಷ್ಟೂ ಆಟಗಾರರಿಗೆ ಹೆಸರು ಮರೆಯುತ್ತದೆ.

ಹೆಸರು, ಲಿಂಗ, ವಯಸ್ಸು, ನಂಟು, ಸ್ಥಳದ ವರ್ಣನೆ ಇವನ್ನು ಧಾರಾಳವಾಗಿ ಬದಲಿಸಿ. ಒಂದು ಪಾತ್ರವನ್ನೋ ಕೋಣೆಯನ್ನೋ ಪೂರ್ತಿ ತೆಗೆಯುವ ಮೊದಲು ಮಾತ್ರ ಅದು ಹೊತ್ತಿರುವ ಮಾಹಿತಿ ಯಾವುದು, ವಸ್ತು ಯಾವುದು ನೋಡಿ. ಬೇಸರದ ಕೋಣೆಯೆಂದು ಕಿತ್ತುಹಾಕಿದ್ದರಲ್ಲೇ ಮೂರು ಅಧ್ಯಾಯಗಳ ನಂತರ ಬೇಕಾಗುವ ಬೀಗದ ಕೈ ಇರುತ್ತದೆ. ತೆಗೆದದ್ದರ ಹೊರೆಯನ್ನು ಇನ್ನೊಂದರ ಹೆಗಲಿಗೆ ಏರಿಸಿದ ಮೇಲೆಯೇ ಹಾಳೆಯ ಮೇಲೆ ಗೀಟು ಎಳೆಯಿರಿ.

ಎಲ್ಲರ ಪೂರ್ವಕಥೆಯನ್ನೂ ಮೊದಲ ದಿನವೇ ಸುರಿಯಬೇಡಿ. ಎರಡು ಮೂರು ಸೆಷನ್ನಿಗೆ ಒಬ್ಬರ ಎಳೆ ಮುಂದೆ ಬರಲಿ. ಯಾರ ಸರದಿ ಬಂದಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಗಟ್ಟಿಯಾಗಿ ಮಾತಾಡುವವರ ಕಥೆ ತನ್ನಿಂದ ತಾನೇ ಮುಂದೆ ನುಗ್ಗುತ್ತದೆ.

4. ಸುಳಿವು ಮತ್ತು ದಾಳದ ಲೆಕ್ಕ

ಆಟಗಾರರು ತಲುಪಲೇಬೇಕಾದ ಪ್ರತಿ ತೀರ್ಮಾನಕ್ಕೂ ಮೂರು ಸುಳಿವು ಇಡಿ ಎಂಬುದು ಜಿಎಂಗಳ ನಡುವೆ ಬಳಕೆಯಲ್ಲಿರುವ ಸೂತ್ರ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಒಂದೊಂದು ಸುಳಿವು ಸಿಗುವ ಸಾಧ್ಯತೆ 60% ಎಂದುಕೊಂಡರೆ, ಒಂದೇ ಇಟ್ಟಾಗ ಹತ್ತರಲ್ಲಿ ನಾಲ್ಕು ಸಲ ಕಥೆ ನಿಲ್ಲುತ್ತದೆ. ಮೂರಿಟ್ಟಾಗ ಮೂರೂ ತಪ್ಪಿಹೋಗುವುದು ಸುಮಾರು 6% ಮಾತ್ರ. ಮೂರೂ ಒಂದೇ ಕೋಣೆಯಲ್ಲಿದ್ದರೆ ಈ ಲೆಕ್ಕ ನಡೆಯದು. ‘ಕೂಲಿಗಳನ್ನು ಗೋಪುರಕ್ಕೆ ಒಯ್ಯುತ್ತಿದ್ದಾರೆ’ ಎಂಬ ತೀರ್ಮಾನಕ್ಕೆ ಮೇಸ್ತ್ರಿಯ ಪತ್ರ ಒಂದು. ಸೆರೆಸಿಕ್ಕ ಗಾಬ್ಲಿನ್‌ನ ಬಾಯಿ ಇನ್ನೊಂದು. ಗೋಪುರದ ಬಳಿ ಮಾತ್ರ ಸಿಗುವ ಕೆಂಪು ಸುಣ್ಣದಕಲ್ಲಿನ ಪುಡಿ ಮೇಸ್ತ್ರಿಯ ಗಾಡಿಯ ಚಕ್ರಕ್ಕೆ ಅಂಟಿರುವುದು ಮತ್ತೊಂದು. ಒಂದು ಕಾಗದ, ಒಂದು ಮಾತು, ಒಂದು ಗುರುತು. ಹುಡುಕುವವರಿಗೂ ಮಾತಾಡಿಸುವವರಿಗೂ ಹೊಡೆದು ಕೇಳುವವರಿಗೂ ದಾರಿ ಇದ್ದಂತಾಯಿತು.

ಕಥೆಗೆ ಬೇಕೇಬೇಕಾದ ಸುಳಿವನ್ನು ದಾಳದ ಹಿಂದೆ ಬೀಗ ಹಾಕಿ ಇಡಬೇಡಿ. ದಾಳ ಹಾಕಿಸಲೇಬೇಕೆಂದರೆ ಅದು ಬೆಲೆಯನ್ನು ನಿರ್ಧರಿಸಲಿ. ಗೆದ್ದರೆ ಪತ್ರ ಕೂಡಲೇ ಸಿಗುತ್ತದೆ. ಸೋತರೂ ಸಿಗುತ್ತದೆ, ಆದರೆ ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೇಸ್ತ್ರಿಯ ಹೆಜ್ಜೆ ಸದ್ದು.

ಗುಂಪಾಗಿ ದಾಳ ಹಾಕಿಸುವಾಗ ಬಹಳ ಜಿಎಂಗಳು ಎಡವುತ್ತಾರೆ. ಡಿಸಿ (ಗೆಲ್ಲಲು ದಾಳ ಮತ್ತು ಬೋನಸ್ ಕೂಡಿ ಮುಟ್ಟಬೇಕಾದ ಅಂಕಿ) 15, ಪಾತ್ರದ ಬೋನಸ್ +5 ಇದ್ದರೆ ಇಪ್ಪತ್ತು ಮುಖದ ದಾಳವಾದ ಡಿ20ಯಲ್ಲಿ 10 ಅಥವಾ ಹೆಚ್ಚು ಬೀಳಬೇಕು; ಅಂದರೆ 55%. ಇಂಥ ನಾಲ್ವರು ಗುಪ್ತ ಬಾಗಿಲನ್ನು ಹುಡುಕಿದರೆ, ಒಬ್ಬರಾದರೂ ಗೆಲ್ಲುವುದು 96%. ಇದೇ ನಾಲ್ವರು ಸದ್ದಿಲ್ಲದೆ ನುಸುಳಬೇಕು, ಒಬ್ಬರು ಎಡವಿದರೂ ಸಿಕ್ಕಿಬೀಳುತ್ತಾರೆ ಎಂದರೆ ಗೆಲುವು 9% ಮಾತ್ರ. ಅಂಕಿಗಳು ಅವೇ, ಪ್ರಶ್ನೆ ಕೇಳಿದ ರೀತಿ ಬೇರೆ. ‘ನಮ್ಮವರು ನುಸುಳಲು ಹೋದಾಗಲೆಲ್ಲ ಸಿಕ್ಕಿಬೀಳುತ್ತಾರೆ’ ಎಂಬ ದೂರಿನ ಮೂಲ ಇದೇ. ಅರ್ಧದಷ್ಟು ಜನ ಗೆದ್ದರೆ ಗುಂಪು ಗೆದ್ದಂತೆ ಎಂಬ ಗುಂಪು ಪರೀಕ್ಷೆಯ ನಿಯಮವನ್ನು ಬಳಸಿದರೆ ಅದೇ ಸಾಧ್ಯತೆ 76%ಕ್ಕೆ ಏರುತ್ತದೆ.

ಡಿಸಿ ಎಷ್ಟಿಡಬೇಕೆಂದು ಪ್ರತಿ ಸಲ ತಲೆಕೆಡಿಸಿಕೊಳ್ಳಬೇಕಿಲ್ಲ. ಸುಲಭಕ್ಕೆ 10, ಸಾಧಾರಣಕ್ಕೆ 15, ಕಷ್ಟಕ್ಕೆ 20, ಈ ಮೂರರಲ್ಲೇ ಬಹುಪಾಲು ಆಟ ನಡೆದುಹೋಗುತ್ತದೆ. ಸೋತರೆ ಏನೂ ಆಗುವುದಿಲ್ಲ ಎನ್ನುವ ಕಡೆ ದಾಳವೇ ಬೇಡ.

5. ಕಾಳಗವನ್ನು ನಿಮ್ಮ ಗುಂಪಿಗೆ ಅಳೆಯುವುದು

ಪುಸ್ತಕದ ಕಾಳಗಗಳು ಸಾಮಾನ್ಯವಾಗಿ ನಾಲ್ಕೈದು ಜನರ ಗುಂಪಿಗೆ ಅಳೆದವು. ನಿಮ್ಮಲ್ಲಿ ಮೂವರೋ ಆರು ಜನರೋ ಇದ್ದರೆ ಹಾಗೇ ಆಡಿಸಬಾರದು.

2014ರ ಲೆಕ್ಕದಲ್ಲಿ ಮೂರನೇ ಹಂತದ (ಲೆವೆಲ್) ಒಂದು ಪಾತ್ರಕ್ಕೆ ಸುಲಭ 75, ಸಾಧಾರಣ 150, ಕಠಿಣ 225, ಮಾರಕ 400 ಎಕ್ಸ್‌ಪಿ (ಅನುಭವದ ಅಂಕ) ಎಂಬ ಮಿತಿಗಳಿವೆ. ಇವನ್ನು ಪಾತ್ರಗಳ ಸಂಖ್ಯೆಯಿಂದ ಗುಣಿಸಿ. ಎದುರಾಳಿಗಳ ಎಕ್ಸ್‌ಪಿ ಕೂಡಿಸಿ, ಅವರ ಸಂಖ್ಯೆಗೆ ತಕ್ಕ ಗುಣಕ ಹಾಕಿ: ಇಬ್ಬರಿದ್ದರೆ 1.5, ಮೂರರಿಂದ ಆರಕ್ಕೆ 2, ಏಳರಿಂದ ಹತ್ತಕ್ಕೆ 2.5. ಗುಂಪಿನಲ್ಲಿ ಆರು ಅಥವಾ ಹೆಚ್ಚು ಪಾತ್ರಗಳಿದ್ದರೆ ಒಂದು ಮೆಟ್ಟಿಲು ಕೆಳಗಿನ ಗುಣಕ.

ಗೋಪುರದ ಅಂಗಳದಲ್ಲಿ ಓಗರ್ ಎಂಬ ಒಂದು ದೈತ್ಯ (450) ಮತ್ತು ನಾಲ್ಕು ಗಾಬ್ಲಿನ್ (ತಲಾ 50) ಇವೆ ಎನ್ನಿ. ಒಟ್ಟು 650, ಐದು ಎದುರಾಳಿಗಳಾದ್ದರಿಂದ ಎರಡರಷ್ಟು, 1300.

ನಾಲ್ಕು ಪಾತ್ರಗಳಿಗೆ ಕಠಿಣ ಮಿತಿ 900, ಮಾರಕ 1600. ಹಾಗಾಗಿ ಇದು ಕಠಿಣ, ಬರೆದವರು ಬಯಸಿದ್ದೂ ಬಹುಶಃ ಇದನ್ನೇ. ಮೂವರಿಗಾದರೆ ಮಾರಕ ಮಿತಿ 1200. ಅದೇ ಅಂಗಳ ಸಾವಿನ ಮನೆಯಾಗುತ್ತದೆ. ಎರಡು ಗಾಬ್ಲಿನ್ ತೆಗೆದರೆ 550ರ ಎರಡರಷ್ಟು 1100, ಮತ್ತೆ ಕಠಿಣಕ್ಕೆ ಇಳಿಯಿತು. ಆರು ಜನರಿಗೆ ಗುಣಕ 1.5 ಆಗಿ 975. ಅವರ ಸಾಧಾರಣ ಮಿತಿ 900, ಕಠಿಣ 1350, ಆದ್ದರಿಂದ ಬೆವರೇ ಬಾರದು. ಇನ್ನೂ ನಾಲ್ಕು ಗಾಬ್ಲಿನ್ ಸೇರಿಸಿದರೆ 850. ಒಂಬತ್ತು ಎದುರಾಳಿಗಳಿಗೆ 2.5ರ ಬದಲು 2 ಹಾಕಿ 1700, ಅವರಿಗೂ ಕಠಿಣವಾಯಿತು.

2024ರ ನಿಯಮಗಳು ಈ ಗುಣಕವನ್ನೇ ಕೈಬಿಟ್ಟು, ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಬಜೆಟ್‌ಗಳನ್ನು ಕೊಡುತ್ತವೆ. ಎಕ್ಸ್‌ಪಿ ಕೂಡಿಸಿ ಬಜೆಟ್ಟಿನೊಳಗೆ ಇದ್ದರಾಯಿತು. ಲೆಕ್ಕ ಸುಲಭವಾಯಿತು, ಆದರೆ ಸಂಖ್ಯೆಯ ಅಪಾಯ ಹೋಗಲಿಲ್ಲ. ಆಟದಲ್ಲಿ ಗೆಲುವನ್ನು ಹೆಚ್ಚಾಗಿ ನಿರ್ಧರಿಸುವುದು ಯಾವ ಪಕ್ಷಕ್ಕೆ ಒಂದು ಸುತ್ತಿನಲ್ಲಿ ಎಷ್ಟು ಏಟು ಸಿಗುತ್ತದೆ ಎಂಬುದು. ಒಂಟಿ ಖಳನೊಬ್ಬ ನಾಲ್ವರ ಎದುರು ನಿಂತರೆ ಅವನ ಒಂದು ಸರದಿಗೆ ನಾಲ್ಕು ಸರದಿ. ಎರಡು ಸುತ್ತಿನಲ್ಲಿ ಕಥೆ ಮುಗಿದು, ತಿಂಗಳುಗಟ್ಟಲೆ ಬೆಳೆಸಿದ ಮಾಂತ್ರಿಕಳ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅವಳ ಹಿಟ್ ಪಾಯಿಂಟ್ (ಬೀಳುವ ಮುನ್ನ ತಾಳಬಲ್ಲ ಏಟಿನ ಅಂಕ) ಇಮ್ಮಡಿ ಮಾಡುವುದು ಮದ್ದಲ್ಲ. ಕಾಳಗ ಉದ್ದವಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಅವಳ ಜೊತೆ ನಾಲ್ಕು ದುರ್ಬಲ ಹೆಣಗಳನ್ನು ನಿಲ್ಲಿಸಿ, ಆಟಗಾರರ ಸರದಿಗಳ ನಡುವೆ ಅವಳಿಗೊಂದು ಚಿಕ್ಕ ಕ್ರಿಯೆ ಕೊಡಿ, ಏರಲು ಒಂದು ಎತ್ತರದ ಜಾಗ ಕೊಡಿ, ಹತ್ತು ಮೆಟ್ಟಿಲಾಚೆಗೆ ಸರಪಳಿಯಲ್ಲಿ ಕಟ್ಟಿಹಾಕಿದ ಕೂಲಿಗಳನ್ನು ಇಡಿ. ಈಗ ಆಟಗಾರರು ಹೊಡೆಯಬೇಕೋ ಬಿಡಿಸಬೇಕೋ ಎಂದು ಯೋಚಿಸಬೇಕಾಗುತ್ತದೆ.

ಒಂದನೇ ಹಂತ ಬೇರೆಯೇ ಲೋಕ. ಅಲ್ಲಿ ಮಂತ್ರವಾದಿಗೆ ಏಳೆಂಟು ಹಿಟ್ ಪಾಯಿಂಟ್. ಗಾಬ್ಲಿನ್‌ನ ಏಟು 1ಡಿ6+2 (ಆರು ಮುಖದ ಒಂದು ದಾಳಕ್ಕೆ 2 ಕೂಡಿಸಿ), ಸರಾಸರಿ 5. ಕ್ರಿಟಿಕಲ್ (ದಾಳ ಎರಡರಷ್ಟು ಹಾಕುವ ಏಟು) ಆದರೆ ಸರಾಸರಿ 9. ಓಗರ್‌ನ ಒಂದೇ ಏಟು ಸರಾಸರಿ 13. ಬಜೆಟ್ ಏನೇ ಹೇಳಲಿ, ಎರಡನೇ ಹಂತಕ್ಕೆ ಏರುವವರೆಗೆ ಒಂದೇ ಏಟಿಗೆ ಮಲಗಿಸುವ ಎದುರಾಳಿಯನ್ನು ತರಬೇಡಿ. ತಂದರೆ ಓಡಿಹೋಗುವ ದಾರಿ ಕಣ್ಣಿಗೆ ಕಾಣುವಂತಿರಲಿ.

ಆಟದ ನಡುವೆ ಲೆಕ್ಕ ತಪ್ಪಿದ್ದು ಗೊತ್ತಾದರೆ? ಪುಸ್ತಕದ ಹಿಟ್ ಪಾಯಿಂಟ್ ಸರಾಸರಿ ಮಾತ್ರ. ಓಗರ್‌ನ 59ರ ಹಿಂದೆ 7ಡಿ10+21 ಎಂಬ ದಾಳವಿದೆ, ಅಂದರೆ 28ರಿಂದ 91ರವರೆಗೆ ಎಲ್ಲಿಯಾದರೂ ಇರಬಹುದು. ಈ ವ್ಯಾಪ್ತಿಯೊಳಗೆ ಕಾಳಗದ ಮೊದಲು ಹೊಂದಿಸಿಕೊಳ್ಳುವುದು ನ್ಯಾಯವೇ. ನಡುವೆ ಪದೇ ಪದೇ ಬದಲಿಸುವ ಚಟ ಮಾತ್ರ ಬೇಡ. ಆಟಗಾರರಿಗೆ ವಾಸನೆ ಬಡಿದರೆ ತಮ್ಮ ಜಾಣತನಕ್ಕೆ ಬೆಲೆಯಿಲ್ಲವೆಂದು ತಿಳಿಯುತ್ತಾರೆ.

ಇನ್ನೊಂದು ಹಳೆಯ ಉಪಾಯ ಎದೆಗಾರಿಕೆಯ ದಾಳ. 1980ರ ದಶಕದ ನಿಯಮಗಳಲ್ಲಿ ಪ್ರತಿ ಎದುರಾಳಿಗೂ 2ರಿಂದ 12ರ ನಡುವಿನ ಅಂಕವಿರುತ್ತಿತ್ತು. ಮೊದಲ ಸಾವಿನಲ್ಲಿ ಒಮ್ಮೆ, ಅರ್ಧ ಪಡೆ ಬಿದ್ದಾಗ ಇನ್ನೊಮ್ಮೆ 2ಡಿ6 ಹಾಕಿ. ಅಂಕಕ್ಕಿಂತ ಹೆಚ್ಚು ಬಿದ್ದರೆ ಓಡಿಹೋಗುತ್ತಾರೆ ಅಥವಾ ಶರಣಾಗುತ್ತಾರೆ. ಅಂಕ 7 ಇದ್ದರೆ ಒಂದು ಪರೀಕ್ಷೆಯಲ್ಲಿ ಓಡುವ ಸಾಧ್ಯತೆ ಸುಮಾರು 42%. ಇದನ್ನು ಯಾವ ಆವೃತ್ತಿಗೆ ಬೇಕಾದರೂ ಹಚ್ಚಬಹುದು. ಗೆದ್ದಾಗಿರುವ ಕಾಳಗದ ಕೊನೆಯ ಇಪ್ಪತ್ತು ನಿಮಿಷದ ಬೇಸರ ತಪ್ಪುತ್ತದೆ, ಜೊತೆಗೆ ಬಾಯಿಬಿಡಲು ಒಬ್ಬ ಸೆರೆಯಾಳು ಸಿಗುತ್ತಾನೆ.

6. ವಿಶ್ರಾಂತಿ ಮತ್ತು ಗಡಿಯಾರ

2014ರ ಆಟ ಕಥೆಯೊಳಗಿನ ಒಂದು ದಿನಕ್ಕೆ ಆರರಿಂದ ಎಂಟು ಸಾಧಾರಣ ಅಥವಾ ಕಠಿಣ ಕಾಳಗ, ನಡುವೆ ಎರಡು ಚಿಕ್ಕ ವಿಶ್ರಾಂತಿ ಎಂಬ ಊಹೆಯ ಮೇಲೆ ನಿಂತಿದೆ. ಬಹುಪಾಲು ಮೇಜುಗಳಲ್ಲಿ ದಿನಕ್ಕೆ ಒಂದೇ ಕಾಳಗ. ಆಗ ಮಂತ್ರವಾದಿ ಇದ್ದಬದ್ದ ಮಂತ್ರವನ್ನೆಲ್ಲ ಒಂದೇ ಸಲಕ್ಕೆ ಸುರಿದು ಮಲಗುತ್ತಾನೆ. ಚಿಕ್ಕ ವಿಶ್ರಾಂತಿಯಲ್ಲಿ ಶಕ್ತಿ ಮರಳಿ ಪಡೆಯುವ ಫೈಟರ್, ವಾರ್‌ಲಾಕ್‌ನಂಥ ಪಾತ್ರಗಳು ಸಪ್ಪಗಾಗುತ್ತವೆ. ಆಮೇಲೆ ‘ಮಂತ್ರವಾದಿ ವಿಪರೀತ ಬಲಶಾಲಿ’ ಎಂಬ ಜಗಳ. ಮಂತ್ರಗಳ ಪಟ್ಟಿಗೆ ಕತ್ತರಿ ಹಾಕುವ ಮೊದಲು ವಿಶ್ರಾಂತಿಯನ್ನು ಸರಿಪಡಿಸಿ. ಪ್ರಯಾಣದ ಕಥೆಯಾದರೆ ಎಂಟು ಗಂಟೆಯದು ಚಿಕ್ಕ ವಿಶ್ರಾಂತಿ, ಏಳು ದಿನದ್ದು (ಮಂತ್ರಗಳೆಲ್ಲ ಮರಳುವ) ದೊಡ್ಡದು ಎಂಬ ಪರ್ಯಾಯ ನಿಯಮ 2014ರ ನಿಯಮಪುಸ್ತಕದಲ್ಲೇ ಇದೆ. ಬೇಡವೆಂದರೆ, ದೊಡ್ಡ ವಿಶ್ರಾಂತಿಯ ಫಲ ಛಾವಣಿಯಿರುವ ಸುರಕ್ಷಿತ ಜಾಗದಲ್ಲಿ ಮಾತ್ರ ಎನ್ನಿ. ಯಾವುದನ್ನೇ ಆರಿಸಿದರೂ ಶೂನ್ಯ ಸೆಷನ್ನಿನಲ್ಲೇ ಹೇಳಿ. ನಡುವೆ ಹೇರಿದರೆ ಶಿಕ್ಷೆಯಂತೆ ಕಾಣುತ್ತದೆ.

ಇನ್ನೂ ಒಳ್ಳೆಯ ಮದ್ದು ಗಡಿಯಾರ. ಒಂದು ವೃತ್ತ ಬರೆದು ಆರು ಹೋಳು ಮಾಡಿ. ಪ್ರತಿ ದೊಡ್ಡ ವಿಶ್ರಾಂತಿಗೆ ಒಂದು ಹೋಳು ತುಂಬಿ. ಆಟಗಾರರಿಂದ ತಪ್ಪಿಸಿಕೊಂಡ ಶತ್ರು ಸುದ್ದಿ ಮುಟ್ಟಿಸಿದರೆ ಇನ್ನೊಂದು. ಪ್ರತಿ ಹೋಳಿಗೂ ಕಣ್ಣಿಗೆ ಬೀಳುವ ಗುರುತೊಂದು ಇರಲೇಬೇಕು:

1. ಇನ್ನಿಬ್ಬರು ಕೂಲಿಗಳು ಕಾಣೆ.
2. ಸ್ಮಶಾನದಲ್ಲಿ ಅಗೆದ ಗುಂಡಿಗಳು.
3. ಹಾಳು ಗೋಪುರದಲ್ಲಿ ಹಗಲಲ್ಲೂ ಹೊಗೆ.
4. ಗಣಿ ಮುಚ್ಚುತ್ತದೆ, ಅರ್ಧ ಊರು ಗಂಟುಮೂಟೆ ಕಟ್ಟುತ್ತದೆ.
5. ಊರಾಚೆಯ ಮನೆಯೊಂದಕ್ಕೆ ರಾತ್ರಿ ಹೆಣಗಳು ನುಗ್ಗುತ್ತವೆ.
6. ಊರಿನ ಮೇಲೆ ದಾಳಿ.

ಗುರುತು ತೋರಿಸದೆ ಗುಟ್ಟಾಗಿ ಹೋಳು ತುಂಬಿ ಒಂದು ದಿನ ಊರು ಸುಟ್ಟುಹಾಕಿದರೆ ಅದು ಮೋಸ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಪಾಡು ಆಟಗಾರರದ್ದಾಗಬಾರದು. ಬಾಗಿಲು ಹಾಕಲು ಐದು ಅವಕಾಶ ಅವರಿಗೆ ಸಿಕ್ಕಿರಬೇಕು.

7. ಒಂದು ಸಂಜೆಯ ತಯಾರಿ

ನಾಲ್ಕು ಗಂಟೆಯ ಸೆಷನ್ನಿಗೆ ಒಂದರಿಂದ ಒಂದೂವರೆ ಗಂಟೆಯ ತಯಾರಿ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಕೂತರೆ ಬಳಸಲಾಗದ್ದನ್ನು ಬರೆಯುತ್ತೀರಿ, ಬರೆದದ್ದನ್ನು ಬಳಸಲೇಬೇಕೆಂಬ ಹಠಕ್ಕೆ ಬೀಳುತ್ತೀರಿ. ಕಳೆದ ಸಲದ ಟಿಪ್ಪಣಿ ಓದಿ, ಗಡಿಯಾರ ನೋಡಿ. ಆಮೇಲೆ ಮೊದಲ ದೃಶ್ಯವೊಂದನ್ನು ಮಾತ್ರ ಪೂರ್ತಿ ಬರೆಯಿರಿ. ಏನಾದರೂ ನಡೆಯುತ್ತಿರುವಾಗಲೇ ಅದು ಶುರುವಾಗಬೇಕು. ಮುಂದಿನ ಮೂರು ನಾಲ್ಕು ದೃಶ್ಯಗಳಿಗೆ ಎರಡೆರಡು ಸಾಲು ಸಾಕು. ಎಲ್ಲಿ ಬೇಕಾದರೂ ಯಾರ ಬಾಯಲ್ಲಿ ಬೇಕಾದರೂ ಹೊರಬರಬಹುದಾದ ಹತ್ತು ಗುಟ್ಟುಗಳು, ಬಳಸದ ಹತ್ತು ಹೆಸರುಗಳು, ಬೇಕಾಗಬಹುದಾದ ಎದುರಾಳಿಗಳ ಅಂಕಿಪುಟಗಳಿಗೆ ಗುರುತುಚೀಟಿ. ಇಷ್ಟೇ. ಹೆಸರಿನ ಪಟ್ಟಿ ಸಣ್ಣದೆಂದು ಬಿಡಬೇಡಿ. ‘ನಿನ್ನ ಹೆಸರೇನು’ ಎಂದು ಆಟಗಾರರು ಕಾವಲುಗಾರನನ್ನು ಕೇಳಿದಾಗ ನೀವು ಮೂರು ಸೆಕೆಂಡು ತಡೆದರೆ, ಅವನು ಲೆಕ್ಕಕ್ಕಿಲ್ಲದವನು ಎಂದು ಅವರಿಗೆ ಗೊತ್ತಾಗಿಬಿಡುತ್ತದೆ.

8. ಮೇಜಿನ ಮೇಲೆ

ಹಿಂದಿನ ಕಥೆಯನ್ನು ಆಟಗಾರರಲ್ಲೊಬ್ಬರಿಂದ ಹೇಳಿಸಿ, ಐದು ನಿಮಿಷ. ಅವರು ಏನು ಮರೆತಿದ್ದಾರೆ, ಏನನ್ನು ತಪ್ಪು ತಿಳಿದಿದ್ದಾರೆ ಎಂಬುದು ನಿಮಗೆ ಪುಕ್ಕಟೆಯಾಗಿ ಸಿಗುತ್ತದೆ.

ಕಾಳಗ ಎಳೆದಾಡುವುದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಐದು ಜನ ಒಂದೂವರೆ ನಿಮಿಷದಂತೆ ತೆಗೆದುಕೊಂಡು, ನಿಮಗೂ ಎರಡೂವರೆ ನಿಮಿಷ ಬೇಕಾದರೆ ಒಂದು ಸುತ್ತಿಗೆ ಹತ್ತು ನಿಮಿಷ. ನಾಲ್ಕು ಸುತ್ತಿಗೆ ನಲವತ್ತು. ಇದನ್ನು ಕುಗ್ಗಿಸಲು: ಸರದಿಯ ಚೀಟಿಗಳನ್ನು ಎಲ್ಲರಿಗೂ ಕಾಣುವಂತೆ ನಿಮ್ಮ ಟಿಪ್ಪಣಿ ಮರೆಮಾಡುವ ರಟ್ಟಿನ ಪರದೆಯ ಮೇಲೆ ತೂಗುಹಾಕಿ, ಸರದಿ ಕೂಗುವಾಗ ‘ಈಗ ನೀವು, ಮುಂದೆ ಅವರು’ ಎಂದು ಇಬ್ಬರ ಹೆಸರನ್ನೂ ಹೇಳಿ, ಗುರಿಯ ದಾಳ ಮತ್ತು ಏಟಿನ ದಾಳ ಒಟ್ಟಿಗೆ ಹಾಕಿಸಿ, ಎದುರಾಳಿಗಳ ಏಟಿಗೆ ಪುಸ್ತಕದಲ್ಲಿರುವ ಸರಾಸರಿ ಅಂಕಿ ಬಳಸಿ. ಪ್ರತಿ ಸುತ್ತಿನ ಕೊನೆಗೆ ಒಂದೇ ವಾಕ್ಯದಲ್ಲಿ ಯಾರು ಎಲ್ಲಿದ್ದಾರೆಂದು ಹೇಳಿದರೆ ‘ಓಗರ್ ಎಲ್ಲಿದೆ?’ ಎಂಬ ಪ್ರಶ್ನೆ ಐದು ಸಲ ಬರುವುದಿಲ್ಲ.

ನಿಯಮದ ಬಗ್ಗೆ ವಾದ ಎದ್ದರೆ ಎರಡು ನಿಮಿಷ ಕೊಡಿ. ಅಷ್ಟರಲ್ಲಿ ಪುಟ ಸಿಗದಿದ್ದರೆ ಆಟಗಾರರ ಪರವಾಗಿ ತೀರ್ಪು ಕೊಟ್ಟು ಬರೆದಿಟ್ಟುಕೊಳ್ಳಿ, ಮುಂದಿನ ಸೆಷನ್ನಿನ ಮೊದಲು ನೋಡಿ ಎಲ್ಲರಿಗೂ ತಿಳಿಸಿ. ಪಾತ್ರದ ಪ್ರಾಣ ಹೋಗುವ ಸಂದರ್ಭ ಮಾತ್ರ ಇದಕ್ಕೆ ಹೊರತು. ಆಗ ಆಟ ನಿಲ್ಲಿಸಿಯಾದರೂ ಪುಸ್ತಕ ನೋಡಿ.

ಸುಮ್ಮನೆ ಕೂತವರನ್ನು ಮಾತಿಗೆಳೆಯಲು ‘ಎಲ್ಲರೂ ಏನು ಮಾಡ್ತೀರಿ?’ ಎಂಬ ಪ್ರಶ್ನೆ ಕೆಲಸಕ್ಕೆ ಬಾರದು, ಅದಕ್ಕೆ ಉತ್ತರಿಸುವವರು ಯಾವಾಗಲೂ ಅದೇ ಇಬ್ಬರು. ಪಾತ್ರದ ಹೆಸರು ಹಿಡಿದು, ಆ ಪಾತ್ರಕ್ಕೆ ಮಾತ್ರ ಗೊತ್ತಿರಬಹುದಾದ್ದನ್ನು ಕೇಳಿ: ಈ ಮುದ್ರೆಯನ್ನು ನಿಮ್ಮ ಗುರುವಿನ ಕೈಯಲ್ಲಿ ನೋಡಿದ್ದಿರಿ, ಆಗ ಅವರು ಏನು ಹೇಳಿದ್ದರು?

9. ಕಥೆ ಹಳಿ ತಪ್ಪಿದಾಗ

ಆಟಗಾರರು ಮೇಸ್ತ್ರಿಯನ್ನು ಮೊದಲ ದಿನವೇ ಕೊಂದರು ಎನ್ನಿ. ಒಂದು ಹಾಳೆ ತೆಗೆಯಿರಿ: ಅವನಿಗೆ ಗೊತ್ತಿದ್ದದ್ದು ಏನು, ಈಗ ಅದು ಯಾರ ಬಳಿ ಇದೆ? ಅವನ ಹೆಂಡತಿಯ ಬಳಿ, ಲೆಕ್ಕದ ಪುಸ್ತಕದಲ್ಲಿ, ಪಾಲು ಬರಲಿಲ್ಲವೆಂದು ಹುಡುಕಿಕೊಂಡು ಬರುವ ಗಾಬ್ಲಿನ್‌ಗಳ ಬಳಿ. ಅವನನ್ನು ಪವಾಡದಿಂದ ಬದುಕಿಸಬೇಡಿ.

ಆಟಗಾರರು ಊರನ್ನೇ ಬಿಟ್ಟು ಹೋಗುತ್ತೇವೆ ಎಂದರೆ ಆಟದಿಂದ ಹೊರಗೆ ಬಂದು ನೇರವಾಗಿ ಕೇಳಿ: ಈ ಕಥೆ ಬೇಡವೇ, ಅಥವಾ ದಾರಿ ಕಾಣುತ್ತಿಲ್ಲವೇ? ಬಹಳ ಸಲ ಎರಡನೆಯದೇ ಉತ್ತರ, ಮದ್ದು ಇನ್ನೊಂದು ಸುಳಿವು. ನಿಜವಾಗಿಯೂ ಬೇಡವೆಂದರೆ ಸೆಷನ್ ಅಲ್ಲಿಗೇ ಮುಗಿಸಿ, ಎಲ್ಲಿಗೆ ಹೋಗುತ್ತಾರೆಂದು ಕೇಳಿಕೊಂಡು ಒಂದು ವಾರ ಪಡೆಯಿರಿ. ಗಡಿಯಾರ ಮಾತ್ರ ನಿಲ್ಲಬಾರದು.

ಅತಿಯಾದ ಬಲದ ವಸ್ತುವೊಂದನ್ನು ಕೈತಪ್ಪಿ ಕೊಟ್ಟಿದ್ದರೆ ಕಳ್ಳನನ್ನು ಕಳಿಸಿ ಕದಿಸಬೇಡಿ. ‘ಇದು ನನ್ನ ಲೆಕ್ಕದ ತಪ್ಪು, ದಿನಕ್ಕೆ ಒಂದೇ ಸಲ ಬಳಸಬಹುದು ಎಂದು ಬದಲಿಸೋಣವೇ?’ ಎಂದು ಬಾಯಿಬಿಟ್ಟು ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಇಡೀ ಗುಂಪೇ ಸೋತು ಬಿದ್ದರೆ, ಎದುರಾಳಿಗೆ ಇವರು ಹೆಣವಾಗಿ ಬೇಕೋ ಜೀವಂತವಾಗಿ ಬೇಕೋ ಎಂಬುದನ್ನು ಮೊದಲ ಹಾಳೆಯ ‘ಏನು ಬೇಕು’ ಎಂಬ ಸಾಲಿನಲ್ಲಿ ನೋಡಿ. ಗಾಬ್ಲಿನ್‌ಗಳು ಜೀವಂತ ಸರಕು ಸಾಗಿಸುವವು. ನೆಲಮಾಳಿಗೆಯ ಸರಪಳಿಯಲ್ಲಿ ಎಚ್ಚರಾಗುವುದು ಅಲ್ಲಿ ಸಹಜ.

10. ಹಳೆಯ ಆವೃತ್ತಿಯ ಸಾಹಸವನ್ನು ಹೊಸದಕ್ಕೆ ತರುವುದು

ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ. ಅಲ್ಲಿಂದೀಚೆಗಿನ ಸಾಹಸಗಳ ರಾಶಿಯೇ ಇದೆ. ಎದುರಾಳಿಗಳ ಅಂಕಿಗಳನ್ನು ಒಂದೊಂದಾಗಿ ಪರಿವರ್ತಿಸುವುದು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. ಹೊಸ ನಿಯಮದಲ್ಲಿ ಅದೇ ಹೆಸರಿನ ಎದುರಾಳಿಯನ್ನು ತೆಗೆದುಕೊಳ್ಳಿ. ಹೊಸದರಲ್ಲಿ ಇಲ್ಲದ್ದಕ್ಕೆ ಮಾತ್ರ ಲೆಕ್ಕ: ಹಳೆಯದರಲ್ಲಿ ಆರ್ಮರ್ ಕ್ಲಾಸ್ (ಏಟು ತಗಲುವುದು ಎಷ್ಟು ಕಷ್ಟ ಎನ್ನುವ ಅಂಕಿ) ಕಡಿಮೆಯಾದಷ್ಟೂ ಗಟ್ಟಿ, ಆದ್ದರಿಂದ 20ರಿಂದ ಕಳೆಯಿರಿ, ಹಳೆಯ 4 ಇಂದಿನ 16ರ ಸುಮಾರಿಗೆ ಬರುತ್ತದೆ. ಥ್ಯಾಕೋ (ಆರ್ಮರ್ ಕ್ಲಾಸ್ 0 ಇದ್ದವರಿಗೆ ಏಟು ತಗಲಲು ಬೀಳಬೇಕಾದ ದಾಳ) ಎಂಬ ಅಂಕಿ ಇದ್ದರೆ ಅದನ್ನೂ 20ರಿಂದ ಕಳೆದರೆ ದಾಳಿಯ ಬೋನಸ್ ಸಿಗುತ್ತದೆ.

ಅಂಕಿಗಿಂತ ಅಪಾಯಕಾರಿ ಹಳೆಯ ಊಹೆಗಳು. ಅಂದು ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ ಸಿಗುತ್ತಿತ್ತು. ಹಾಗಾಗಿ ಸಾಹಸಗಳಲ್ಲಿ ಚಿನ್ನ ರಾಶಿರಾಶಿ, ಕಾಳಗ ತಪ್ಪಿಸಿ ಕದ್ದು ತರುವುದೇ ಜಾಣತನ. ಹೊಸ ನಿಯಮದಲ್ಲಿ ಅದೇ ಚಿನ್ನ ಹಾಗೇ ಬಿಟ್ಟರೆ ಎರಡನೇ ಹಂತದಲ್ಲೇ ಎಲ್ಲರೂ ಪ್ಲೇಟ್ ಕವಚ ತೊಟ್ಟಿರುತ್ತಾರೆ. ಹತ್ತರಲ್ಲೊಂದು ಪಾಲಿಗೆ ಇಳಿಸಿ ನೋಡಿ. ಒಂದೇ ಗುಹೆಯಲ್ಲಿ ಮೂವತ್ತು ಗಾಬ್ಲಿನ್ ಇರುವುದೂ ಆ ಕಾಲದ ಲೆಕ್ಕವೇ. ಅವನ್ನು ಆರಾರರ ಗುಂಪಾಗಿ ಬೇರೆ ಬೇರೆ ಕಡೆ ಇಟ್ಟು, ಎಚ್ಚರಿಕೆಯ ಗಂಟೆ ಬಾರಿಸಿದರೆ ಮಾತ್ರ ಒಂದಾಗುವಂತೆ ಮಾಡಿ. ಒಂದು ದಾಳ ಸೋತರೆ ಸಾವು ಎನ್ನುವ ವಿಷ, ಬಲೆಗಳನ್ನು ಏಟಿಗೂ ಅಶಕ್ತತೆಗೂ ಬದಲಿಸಿ, ಅಥವಾ ಅಪಾಯದ ಗುರುತನ್ನು ಮೊದಲೇ ಕಣ್ಣಿಗೆ ಬೀಳುವಂತೆ ಇಡಿ: ಬಾಗಿಲ ಮುಂದೆ ಕರಗಿದ ಕೈಮೂಳೆ ಬಿದ್ದಿದ್ದರೆ ಸಾಕು.

ಒಗ್ಗಿಸಿದ್ದನ್ನು ಹಂಚುವ ಆಲೋಚನೆ ಇದ್ದರೆ ಒಂದು ಮಾತು. ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ ಎಸ್‌ಆರ್‌ಡಿ 5.1 ಜನವರಿ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇದೆ. ಮೂಲವನ್ನು ಉಲ್ಲೇಖಿಸಿ ಅದರಲ್ಲಿರುವುದನ್ನು ಬಳಸಬಹುದು. ನೀವು ಒಗ್ಗಿಸಿದ ಸಾಹಸದ ಕಥೆ, ನಕ್ಷೆ, ಪಾತ್ರಗಳು ಅದರೊಳಗೆ ಬರುವುದಿಲ್ಲ. ನಿಮ್ಮ ಮೇಜಿನ ಮೇಲೆ ಏನು ಬೇಕಾದರೂ ಮಾಡಿ, ಹೊರಗೆ ಹಂಚುವಾಗ ಅವನ್ನು ಬಿಟ್ಟುಬಿಡಿ.

11. ಆಟ ಮುಗಿದ ಹತ್ತು ನಿಮಿಷ

ಎಲ್ಲರೂ ಏಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಮುಂದಿನ ಸಲ ಎಲ್ಲಿಗೆ ಹೋಗುತ್ತೀರಿ? ಉತ್ತರ ಸಿಕ್ಕರೆ ಮುಂದಿನ ತಯಾರಿಯ ಅರ್ಧ ಹೊರೆ ಇಳಿಯಿತು. ಅವರು ಹೊರಟ ಕೂಡಲೇ, ಮರುದಿನಕ್ಕೆ ಬಿಡದೆ, ಐದು ವಿಷಯ ಬರೆಯಿರಿ: ಆಟದೊಳಗಿನ ಇಂದಿನ ದಿನಾಂಕ, ಆ ಕ್ಷಣಕ್ಕೆ ನೀವು ಕಟ್ಟಿ ಹೇಳಿದ ಹೆಸರುಗಳು, ಆಟಗಾರರು ಕೊಟ್ಟ ಮಾತುಗಳು, ಯಾರಿಗೆ ಯಾವ ಸುಳಿವು ಸಿಕ್ಕಿತು, ಗಡಿಯಾರದಲ್ಲಿ ಎಷ್ಟು ಹೋಳು ತುಂಬಿದೆ. ಮೂಲಿಕೆ ಮಾರುವವಳಿಗೆ ಅವರು ಕೊಡಬೇಕಾದ ಬಾಕಿಯನ್ನೂ ಅಲ್ಲೇ ಬರೆದಿಡಿ. ನೆಲಮಾಳಿಗೆಯಲ್ಲಿ ಮುಖಾಮುಖಿಯಾದ ದಿನ ಅವಳು ಮೊದಲು ಕೇಳುವುದು ಅದನ್ನೇ.